ಬಸ್‌ಸ್ಟ್ಯಾಂಡ್, ನಿಲ್ದಾಣ, ಬಸ್ಟ್ಯಾಂಡು: ಒಂದು ಎರವಲು ಸಮಾಸದ ವಿಚಾರ

ಕನ್ನಡ ವ್ಯಾಕರಣದ ಬೋಧನೆಯಲ್ಲಿ ಸಮಾಸ ಪ್ರಕರಣಕ್ಕೆ ಮುಖ್ಯವಾದ ಸ್ಥಾನವಿದೆ. ಆದರೆ ಆ ಪ್ರಕರಣಕ್ಕೆ ಒದಗಿಸಲಾಗುವ ಉದಾಹರಣೆಗಳು ಬಹುಪಾಲು ಹಳಗನ್ನಡ ಕಾವ್ಯಗಳಿಂದ ಇಲ್ಲವೆ ಸಂಸ್ಕೃತದಿಂದ ಆಯ್ದವು. ವಿದ್ಯಾರ್ಥಿ ದಿನನಿತ್ಯ ಆಡುವ ಸಮಾಸಗಳಿಗೆ ಅಲ್ಲಿ ಎಡೆಯಿಲ್ಲ. ಪೋಸ್ಟಾಫೀಸು, ಹೆಡ್‌ಮಾಸ್ಟರು, ಪಾಸ್‌ಬುಕ್ಕು, ರೇಷನ್ ಕಾರ್ಡು, ಬಸ್‌ಸ್ಟ್ಯಾಂಡು ಮೊದಲಾದವನ್ನು ‘ಇಂಗ್ಲಿಷ್ ಪದಗಳು’ ಎಂದು ಕರೆದು ಚರ್ಚೆಯನ್ನು ಅಲ್ಲಿಗೇ ಮುಗಿಸುವುದು ವಾಡಿಕೆಯಾಗಿದೆ. ಇವುಗಳಲ್ಲಿ ‘ಬಸ್‌ಸ್ಟ್ಯಾಂಡ್’ ಎಂಬ ಒಂದೇ ಪದವನ್ನು ಬಿಡಿಸಿ ನೋಡಿದರೂ ಈ ಹಣೆಪಟ್ಟಿ ಎಷ್ಟು ಅಪೂರ್ಣವಾದುದೆಂದು ತಿಳಿಯುತ್ತದೆ. ಸಮಾಸಪದವೊಂದು ಯಾವ ಭಾಷೆಗೆ ಸೇರಿದ್ದೆಂಬುದನ್ನು ಅದರ ಘಟಕಗಳ ಮೂಲಕ್ಕಿಂತ ಹೆಚ್ಚಾಗಿ ಅದನ್ನು ಆಡುವ ಊರು ನಿರ್ಧರಿಸುತ್ತದೆ. ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ ಹಳೇಕೋಟೆ ಹೋಬಳಿ ಹಾಗೂ ಅದರ ಸುತ್ತಲಿನ ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಬಳಕೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

1. ಪ್ರತ್ಯಯವೇ ಪ್ರಕೃತಿಯಾದ ಬಗೆ

‘ಬಸ್’ ಎಂಬುದು ‘ಆಮ್ನಿಬಸ್’ ಎಂಬ ಲ್ಯಾಟಿನ್ ರೂಪದ ಕೊನೆಯ ತುಂಡು. ‘ಆಮ್ನಿಸ್’ ಎಂದರೆ ಎಲ್ಲ. ‘ಆಮ್ನಿಬಸ್’ ಎಂದರೆ ಎಲ್ಲರಿಗೆ, ಎಲ್ಲರಿಗಾಗಿ. ಅದು ಚತುರ್ಥೀ ವಿಭಕ್ತಿಯ ಬಹುವಚನ ರೂಪ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ನಡೆಸಿದ ಸಾರ್ವಜನಿಕ ಕುದುರೆಗಾಡಿಗಳಿಗೆ ಈ ಹೆಸರು ಅಂಟಿಕೊಂಡಿತು. ಗಾಡಿ ನಿಲ್ಲುತ್ತಿದ್ದ ಸ್ಥಳದಲ್ಲಿ ಓಮ್ನೆಸ್ ಎಂಬ ಹೆಸರಿನ ಟೋಪಿ ವ್ಯಾಪಾರಿಯೊಬ್ಬನ ಅಂಗಡಿಯಿತ್ತೆಂದೂ ಅವನ ಫಲಕದ ಮೇಲಿನ ಶ್ಲೇಷೆಯಿಂದ ಈ ಹೆಸರು ಹುಟ್ಟಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅದನ್ನು ಜನಪ್ರಿಯ ವ್ಯುತ್ಪತ್ತಿಯೆಂದು ಮಾತ್ರ ಗಣಿಸುವುದು ಕ್ಷೇಮ. 1828ರಲ್ಲಿ ಪ್ಯಾರಿಸ್ಸಿನಲ್ಲಿಯೂ 1829ರಲ್ಲಿ ಜಾರ್ಜ್ ಶಿಲಿಬೀರ್‌ನ ಮೂಲಕ ಲಂಡನ್ನಿನಲ್ಲಿಯೂ ಇಂತಹ ಗಾಡಿಗಳು ಓಡತೊಡಗಿದವು. 1830ರ ದಶಕದಲ್ಲಿಯೇ ಇಂಗ್ಲಿಷರ ಬಾಯಲ್ಲಿ ಆ ಹೆಸರು ಕುಗ್ಗಿ ‘ಬಸ್’ ಆಯಿತು.

ಈ ಕುಗ್ಗುವಿಕೆಯಲ್ಲಿ ವ್ಯಾಕರಣದ ದೃಷ್ಟಿಯಿಂದ ಒಂದು ಸ್ವಾರಸ್ಯವಿದೆ. ಲ್ಯಾಟಿನ್ನಿನಲ್ಲಿ ‘ಇಬಸ್’ ಎಂಬುದು ವಿಭಕ್ತಿ ಪ್ರತ್ಯಯ. ಅದರಲ್ಲಿಯೂ ಒಂದು ಅಕ್ಷರ ಬಿಟ್ಟು ಉಳಿದದ್ದೇ ‘ಬಸ್’. ಅರ್ಥವನ್ನು ಹೊತ್ತ ಪ್ರಕೃತಿ ಪೂರ್ತಿಯಾಗಿ ಬಿದ್ದುಹೋಗಿ, ಪ್ರತ್ಯಯದ ತುಣುಕು ನಾಮಪ್ರಕೃತಿಯಾಗಿ ನಿಂತಿದೆ. ಕನ್ನಡದಲ್ಲಿ ಇದಕ್ಕೆ ಹೋಲಿಕೆ ಹುಡುಕುವುದಾದರೆ, ‘ಎಲ್ಲರಿಗೂ’ ಎಂಬ ಪದದಿಂದ ‘ಎಲ್ಲ’ವನ್ನು ತೆಗೆದು, ಉಳಿದ ‘ರಿಗೂ’ ಎಂಬುದನ್ನೇ ಒಂದು ವಾಹನದ ಹೆಸರನ್ನಾಗಿ ಮಾಡಿದಂತೆ. ಹೀಗೆ ಬಂದ ಪದಕ್ಕೆ ಕನ್ನಡಿಗರು ಮತ್ತೆ ತಮ್ಮ ಚತುರ್ಥಿಯನ್ನು ಹಚ್ಚಿ ‘ಬಸ್ಸಿಗೆ ಕಾಯುತ್ತಿದ್ದೇನೆ’ ಎನ್ನುತ್ತಾರೆ. ಚತುರ್ಥಿಯ ಮೇಲೊಂದು ಚತುರ್ಥಿ! ಆದರೆ ಆಡುವವರಿಗೆ ಇದರಿಂದ ಯಾವ ತೊಡಕೂ ಇಲ್ಲ. ಮೂಲದ ವಿಭಕ್ತಿ ಅಳಿದು, ಅದು ಗಾಡಿಯ ಹೆಸರಾಗಿ ಅವರ ಕೈಸೇರಿದೆ.

ವ್ಯಂಜನಾಂತವಾದ ‘ಬಸ್’ ಕನ್ನಡದಲ್ಲಿ ದ್ವಿತ್ವ ಹೊಂದಿ, ಉಕಾರ ಪಡೆದು ‘ಬಸ್ಸು’ ಆಯಿತು. ‘ಕಲ್’ ಎಂಬುದು ‘ಕಲ್ಲು’ ಆದ, ‘ಹಲ್’ ಎಂಬುದು ‘ಹಲ್ಲು’ ಆದ ದಾರಿಯೇ ಇದು. ಮನೆಯ ಪದಕ್ಕೆ ಯಾವ ನಿಯಮವೋ ಬಂದ ಪದಕ್ಕೂ ಅದೇ ನಿಯಮ.

2. ಒಂದೇ ಬೇರಿನ ಕವಲುಗಳು

ಉತ್ತರಪದವಾದ ‘ಸ್ಟ್ಯಾಂಡ್’ನ ಚರಿತ್ರೆ ಬೇರೆ ಬಗೆಯದು. ಇಂಗ್ಲಿಷಿನಲ್ಲಿ ಅದು ನಿಲ್ಲು ಎಂಬ ಕ್ರಿಯೆಗೂ ನಿಲ್ಲುವ ಜಾಗಕ್ಕೂ ಸಲ್ಲುತ್ತದೆ. ಬಾಡಿಗೆಯ ಕುದುರೆಗಾಡಿಗಳು ಗಿರಾಕಿಗಳಿಗಾಗಿ ಕಾದು ನಿಲ್ಲುವ ಗೊತ್ತಾದ ಜಾಗ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ 1634ರಷ್ಟು ಹಿಂದೆಯೇ ಏರ್ಪಟ್ಟಿತ್ತು. ಗಾಡಿಗಳ ಇಂತಹ ಸ್ಟ್ಯಾಂಡಿನ ಕಲ್ಪನೆಯೇ ಮುಂದೆ ಮೋಟಾರು ಬಸ್ಸಿಗೂ ವಿಸ್ತರಿಸಿತು.

ಭಾಷಾಚರಿತ್ರೆಯಲ್ಲಿ ಇನ್ನೂ ಹಿಂದೆ ಸರಿದರೆ ಒಂದು ನಂಟು ಕಾಣಿಸುತ್ತದೆ. ಇಂಗ್ಲಿಷಿನ ‘ಸ್ಟ್ಯಾಂಡ್’, ಲ್ಯಾಟಿನ್ ಮೂಲದ ‘ಸ್ಟೇಷನ್’, ಸಂಸ್ಕೃತದ ‘ಸ್ಥಾ’ ಧಾತು ಮತ್ತು ಅದರಿಂದಾದ ‘ಸ್ಥಾನ’, ಇವೆಲ್ಲ ಒಂದೇ ಇಂಡೋ-ಯುರೋಪಿಯನ್ ಧಾತುವಿನ ಕವಲುಗಳು. ಅದೇ ‘ಸ್ಥಾನ’ವು ಪ್ರಾಕೃತದ ಮೂಲಕ ಕನ್ನಡದಲ್ಲಿ ‘ತಾಣ’ವಾಗಿದೆ, ಉತ್ತರದ ಭಾಷೆಗಳ ಆಡಳಿತ ಪರಿಭಾಷೆಯ ಮೂಲಕ ‘ಠಾಣೆ’ಯೂ ಆಗಿದೆ. ಆದ್ದರಿಂದ ‘ಪೊಲೀಸ್ ಸ್ಟೇಷನ್’ ಎಂಬುದನ್ನು ‘ಪೊಲೀಸ್ ಠಾಣೆ’ ಎಂದು ಕನ್ನಡಿಸಿದಾಗ ಒಂದು ಬೇರಿನ ಕವಲನ್ನು ತೆಗೆದು ಅದೇ ಬೇರಿನ ಮತ್ತೊಂದು ಕವಲನ್ನು ಇರಿಸಿದಂತಾಗಿದೆ.

‘ನಿಲ್ದಾಣ’ ಪದದಲ್ಲಿಯೂ ಇದೇ ನಡೆದಿದೆ. ನಿಲ್ + ತಾಣ = ನಿಲ್ದಾಣ. ‘ನಿಲ್’ ದ್ರಾವಿಡ ಧಾತು. ತಮಿಳು, ತೆಲುಗುಗಳಲ್ಲಿಯೂ ಅದರ ಸೋದರ ರೂಪಗಳಿವೆ. ‘ತಾಣ’ ತದ್ಭವ. ಉತ್ತರಪದದ ಆದಿಯ ತಕಾರಕ್ಕೆ ದಕಾರ ಬಂದಿರುವುದು ‘ಬೆಟ್ಟದಾವರೆ’ಯಲ್ಲಿ ಕಾಣುವಂತಹ ಆದೇಶ ಸಂಧಿ. ‘ಸುಡುವುದು + ಕಾಡು = ಸುಡುಗಾಡು’ ಎಂದು ಗಮಕ ಸಮಾಸಕ್ಕೆ ಉದಾಹರಣೆ ಕೊಡುವ ಪದ್ಧತಿಯಂತೆ ‘ನಿಲ್ಲುವುದು + ತಾಣ = ನಿಲ್ದಾಣ’ ಎಂದು ವಿಗ್ರಹಿಸಬಹುದು. ಅಂದರೆ ಈ ಪದದ ಎರಡು ಘಟಕಗಳ ಬೇರಿನಲ್ಲಿಯೂ ನಿಲ್ಲುವಿಕೆಯ ಅರ್ಥವೇ ಇದೆ: ಒಂದು ದ್ರಾವಿಡದಿಂದ, ಇನ್ನೊಂದು ಆರ್ಯಮೂಲದಿಂದ. ‘ಸ್ಟ್ಯಾಂಡ್’ ಅನ್ಯ, ‘ನಿಲ್ದಾಣ’ ಅಚ್ಚ ಎಂದು ಎಳೆಯುವ ಗೆರೆ, ವ್ಯುತ್ಪತ್ತಿಯ ಮುಂದೆ ಅಷ್ಟು ನೇರವಾಗಿ ನಿಲ್ಲುವುದಿಲ್ಲ. ‘ತಾಣ’ವೂ ಒಂದು ಕಾಲದಲ್ಲಿ ಹೊರಗಿನಿಂದ ಬಂದು, ಕನ್ನಡದ ಬಾಯಿಗೆ ಒಗ್ಗಿ, ಒಳಗಿನದಾದ ಪದ.

3. ಅರಿಸಮಾಸದ ಪ್ರಶ್ನೆ

ಭಿನ್ನ ಮೂಲದ ಪದಗಳನ್ನು ಸಮಾಸದಲ್ಲಿ ಕೂಡಿಸಬಹುದೇ ಎಂಬುದು ಕನ್ನಡ ಶಾಸ್ತ್ರಕಾರರಿಗೆ ಹಳೆಯ ಪ್ರಶ್ನೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಇಂತಹ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಹೋಲಿಸಿ ಎಚ್ಚರಿಸಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದನ್ನು ಅರಿಸಮಾಸವೆಂದು ಹೆಸರಿಸಿ ನಿಷೇಧಿಸಿದ. ಆದರೆ ಬಿರುದಾವಳಿಗಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಆತ ವಿನಾಯಿತಿ ಕೊಟ್ಟ. ತದ್ಭವಗಳು ಕನ್ನಡದೊಡನೆ ಸಮಾಸವಾಗುವುದಕ್ಕೆ ಆತನ ಅಡ್ಡಿಯಿಲ್ಲ. ಈ ವಿನಾಯಿತಿಗಳ ಹಿಂದಿನ ತತ್ತ್ವವನ್ನು ಗಮನಿಸಬೇಕು. ಮೂಲವನ್ನು ನೋಡಿ ಕಟ್ಟಿದ ನಿಯಮ ಕೊನೆಗೆ ಪ್ರಯೋಗಕ್ಕೆ ತಲೆಬಾಗಿದೆ. ಕನ್ನಡದ ಧ್ವನಿಗೆ ಒಗ್ಗಿದ ಪದಕ್ಕೆ ಹಾಗೂ ಬಲ್ಲವರ ಬಳಕೆಯಲ್ಲಿ ನಿಂತ ಪದಕ್ಕೆ ಶಾಸ್ತ್ರ ಬಾಗಿಲು ತೆರೆದಿದೆ.

ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನ ದೊರೆತದ್ದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಅಲ್ಲಿಯ ಕನ್ನಡ ಉದ್ದನೆಯ ಸಂಸ್ಕೃತ ಸಮಾಸಗಳನ್ನು ಹೊತ್ತುಕೊಂಡೇ ಕನ್ನಡವಾಗಿದೆ. ಅದು ಕನ್ನಡ ಶಾಸನವೆಂದು ಗೊತ್ತಾಗುವುದು ಅದರ ವಿಭಕ್ತಿ ಪ್ರತ್ಯಯಗಳಿಂದ, ಕ್ರಿಯಾಪದಗಳಿಂದ, ವಾಕ್ಯದ ಕಟ್ಟಿನಿಂದ. ಅದೇ ಜಿಲ್ಲೆಯ ಇಂದಿನ ಮಾತಿನಲ್ಲಿ ಇಂಗ್ಲಿಷ್ ಸಮಾಸವೊಂದು ಕನ್ನಡದ ಪ್ರತ್ಯಯ ಹಚ್ಚಿಕೊಂಡು ನಡೆಯುವಾಗ ಅದನ್ನು ಅಳೆಯಲು ಬೇರೆ ಕೋಲನ್ನು ಹಿಡಿಯುವುದು ನ್ಯಾಯವಲ್ಲ.

4. ಹಳೇಕೋಟೆಯ ಬಳಕೆ

‘ಹಳೇಕೋಟೆ’ ಎಂಬುದೇ ಒಂದು ಸಮಾಸ. ಹಳೆಯದು + ಕೋಟೆ ಎಂದು ಬಿಡಿಸಿ ಅದನ್ನು ಕರ್ಮಧಾರಯವೆನ್ನಬಹುದು. ‘ಪೞೆಯ’ ಎಂಬುದು ‘ಹಳೆಯ’ವಾಗಿ, ಆಡುಮಾತಿನಲ್ಲಿ ‘ಹಳೇ’ ಆಗಿ ಕುಗ್ಗಿದೆ. ಅದೇ ಜಿಲ್ಲೆಯ ‘ಹಳೇಬೀಡು’ ಇದೇ ಅಚ್ಚಿನ ಪದ. ಸ್ಥಳನಾಮವಾದ ಮೇಲೆ ಇವುಗಳ ಘಟಕಗಳು ಮಾತಾಡುವುದನ್ನು ನಿಲ್ಲಿಸಿವೆ. ಹಳೇಕೋಟೆಗೆ ಹೋಗುವವರ ಮನಸ್ಸಿನಲ್ಲಿ ಕೋಟೆಯಿರಬೇಕಾದ ಅಗತ್ಯವಿಲ್ಲ. ಹಳೇಬೀಡಿಗೆ ಹೋಗುವವರು ‘ಬೀಡು’ ಎಂಬುದರ ಅರ್ಥವನ್ನು ಹುಡುಕುವುದಿಲ್ಲ. ಸಮಾಸ ಮುಪ್ಪಾದಾಗ ಅದು ಒಂದೇ ಪದವಾಗುತ್ತದೆ, ಅದರ ಅರ್ಥ ಇಡಿಯಾಗಿ ಒದಗುತ್ತದೆ.

‘ಬಸ್‌ಸ್ಟ್ಯಾಂಡ್’ ಈಗ ಇದೇ ಹಾದಿಯಲ್ಲಿದೆ. ಮೊದಲು ಧ್ವನಿಯನ್ನು ನೋಡಬಹುದು. ಎರಡು ಸಕಾರಗಳು ಎದುರಾಗುವಲ್ಲಿ ಒಂದು ಬಿದ್ದು ‘ಬಸ್ಟ್ಯಾಂಡು’ ಎಂದಾಗುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಪ್ರತ್ಯೇಕ ಚಿಹ್ನೆಯಿಲ್ಲದ ಆ ಇಂಗ್ಲಿಷ್ ಸ್ವರ ಕೆಲವರಲ್ಲಿ ಆಕಾರವೇ ಆಗಿ ‘ಬಸ್ಟಾಂಡು’ ಎಂದಾಗುತ್ತದೆ. ಪೂರ್ವಪದ ಎಲ್ಲಿ ಮುಗಿದು ಉತ್ತರಪದ ಎಲ್ಲಿ ಮೊದಲಾಗುತ್ತದೆಂಬುದು ಆಗ ಕಿವಿಗೆ ತಿಳಿಯುವುದಿಲ್ಲ. ‘ಬಸ್ಟ್ಯಾಂಡಲ್ಲವ್ನೆ’, ‘ಬಸ್ಟ್ಯಾಂಡ್ ತಾವ ಸಿಗು’ ಎಂಬ ಆ ಸೀಮೆಯ ಮಾತುಗಳಲ್ಲಿ ಸಪ್ತಮಿ ಪ್ರತ್ಯಯವೂ, ಹತ್ತಿರ ಎಂಬರ್ಥದ ‘ತಾವ’ ಎಂಬ ಪ್ರಾದೇಶಿಕ ರೂಪವೂ ಸಲೀಸಾಗಿ ಕೂಡಿಕೊಂಡಿವೆ.

ಅರ್ಥದ ಬದಲಾವಣೆ ಇನ್ನೂ ಮಹತ್ವದ್ದು. ಇಂಗ್ಲೆಂಡಿನ ಬಳಕೆಯಲ್ಲಿ ‘ಬಸ್ ಸ್ಟಾಪ್’ ಹತ್ತಿ ಇಳಿಯುವ ಜಾಗ, ‘ಬಸ್ ಸ್ಟೇಷನ್’ ಹಲವು ಮಾರ್ಗಗಳು ಕೂಡುವ ಕಟ್ಟಡ, ‘ಬಸ್ ಸ್ಟ್ಯಾಂಡ್’ ಮುಖ್ಯವಾಗಿ ಎರಡು ಸರದಿಗಳ ನಡುವೆ ಖಾಲಿ ಬಸ್ಸು ನಿಲ್ಲುವ ಜಾಗ. ಕರ್ನಾಟಕದ ಸಾರಿಗೆಯ ಫಲಕಗಳು ಈ ಬಗೆಯ ವಿಂಗಡಣೆಯನ್ನು ‘ನಿಲುಗಡೆ’, ‘ನಿಲ್ದಾಣ’, ‘ತಂಗುದಾಣ’ ಎಂಬ ಪದಗಳಿಂದ ತಂದಿವೆ. ಇವುಗಳಲ್ಲಿ ‘ಪ್ರಯಾಣಿಕರ ತಂಗುದಾಣ’ ಎಂಬುದು ಗಮನಾರ್ಹ. ‘ಬಸ್‌ಸ್ಟ್ಯಾಂಡ್’ನಲ್ಲಿಯೂ ‘ಬಸ್ ನಿಲ್ದಾಣ’ದಲ್ಲಿಯೂ ನಿಲ್ಲುವುದು ಬಸ್ಸು; ‘ತಂಗುದಾಣ’ದಲ್ಲಿ ತಂಗುವುದು ಮನುಷ್ಯ. ಪದದೊಳಗಿನ ಕರ್ತೃವೇ ಬದಲಾಗಿರುವ ಈ ರಚನೆ ಯಾವ ಇಂಗ್ಲಿಷ್ ಸಮಾಸದ ಪಡಿಯಚ್ಚೂ ಅಲ್ಲ.

ಹಳ್ಳಿಯ ಬಳಕೆ ಈ ಮೂರನ್ನೂ ಬಿಟ್ಟು ತನ್ನದೇ ವಿಂಗಡಣೆಯನ್ನು ಮಾಡಿಕೊಂಡಿದೆ. ಹೋಬಳಿಯ ಊರಿನಲ್ಲಿ ಕಟ್ಟಡವಿರಲಿ ಇಲ್ಲದಿರಲಿ, ಬಸ್ಸು ಬಂದು ನಿಂತು ತಿರುಗುವ ಬಯಲು ಮತ್ತು ಅದರ ಸುತ್ತಲಿನ ಹೋಟೆಲು, ಅಂಗಡಿ, ಕಟ್ಟೆ, ಆಟೋಗಳ ಸಾಲು ಎಲ್ಲವೂ ಸೇರಿ ‘ಬಸ್ಟ್ಯಾಂಡು’. ‘ಬಸ್ಟ್ಯಾಂಡ್ ಕಡೆ ಹೋಗ್ಬರ್ತೀನಿ’ ಎಂದು ಸಂಜೆ ಮನೆಯಿಂದ ಹೊರಟವನು ಬಸ್ಸು ಹತ್ತುವನೆಂದು ಯಾರೂ ತಿಳಿಯುವುದಿಲ್ಲ. ಚಹಾ, ಪತ್ರಿಕೆ, ಧಾರಣೆಯ ಸುದ್ದಿ, ಕೂಲಿಯಾಳುಗಳನ್ನು ಗೊತ್ತುಮಾಡುವ ಮಾತು ಇವೆಲ್ಲ ನಡೆಯುವ ಜಾಗ ಅದು. ಒಂದು ಕಾಲಕ್ಕೆ ಚಾವಡಿ, ಅರಳಿಕಟ್ಟೆ ಎಂಬ ಪದಗಳು ಹೊತ್ತಿದ್ದ ಸಾಮಾಜಿಕ ಅರ್ಥದ ಒಂದು ಪಾಲು ಈ ಪದಕ್ಕೆ ಸರಿದಿದೆ. ಇಂಗ್ಲಿಷ್ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಈ ಅರ್ಥ ಸಿಗಲಾರದು, ಏಕೆಂದರೆ ಅದು ಹುಟ್ಟಿರುವುದು ಇಲ್ಲಿ.

ಹಾಗೆಂದು ಬಳಕೆಯಲ್ಲಿ ನಿಖರತೆಯಿಲ್ಲವೆಂದು ತಿಳಿಯಬಾರದು. ಪಟ್ಟಣದ ಹೊರಗಿನಿಂದಲೇ ಸಾಗಿಬಿಡುವ ಬಸ್ಸುಗಳಿರುವುದರಿಂದ ‘ಸ್ಟ್ಯಾಂಡ್ ಒಳಕ್ಕೆ ಹೋಗ್ತದಾ?’ ಎಂದು ನಿರ್ವಾಹಕನನ್ನು ಕೇಳಿಯೇ ಪ್ರಯಾಣಿಕರು ಹತ್ತುತ್ತಾರೆ. ಇಲ್ಲಿ ‘ಸ್ಟ್ಯಾಂಡು’ ಮತ್ತು ‘ಸ್ಟಾಪು’ ಬೇರೆ ಬೇರೆ. ‘ಆಟೋ ಸ್ಟ್ಯಾಂಡು’, ‘ಸೈಕಲ್ ಸ್ಟ್ಯಾಂಡು’ ಮುಂತಾದವು ಇದರ ನೆರೆಯ ಪದಗಳು. ‘ಸೈಕಲ್ ಸ್ಟ್ಯಾಂಡು’ ಎಂಬುದು ಸೈಕಲ್ಲುಗಳನ್ನು ನಿಲ್ಲಿಸುವ ಜಾಗವೂ ಹೌದು, ಸೈಕಲ್ಲಿಗೆ ಊರುಗೋಲಾದ ಕಬ್ಬಿಣದ ಕಾಲೂ ಹೌದು. ವಿಗ್ರಹವಾಕ್ಯವನ್ನು ಬದಲಿಸಿದರೆ ಅರ್ಥ ಹೇಗೆ ಬದಲಾಗುತ್ತದೆಂದು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹಾಸನ ನಗರದಲ್ಲಿ ಹೊಸ ಬಸ್‌ಸ್ಟ್ಯಾಂಡ್ ಆದ ಮೇಲೆ ಹಿಂದಿನದು ‘ಹಳೇ ಬಸ್‌ಸ್ಟ್ಯಾಂಡ್’ ಎನಿಸಿತು. ಹಳೇಕೋಟೆ, ಹಳೇಬೀಡುಗಳ ಸಾಲಿಗೆ ಮತ್ತೊಂದು ಪದ ಸೇರಿದಂತಾಯಿತು. ಮೂರರಲ್ಲಿಯೂ ರಚನೆ ಒಂದೇ: ವಸ್ತುವಿನ ಕೆಲಸ ಬದಲಾದ ಮೇಲೂ ಹೆಸರು ಜಾಗವನ್ನು ಹಿಡಿದುಕೊಂಡಿರುತ್ತದೆ.

5. ಎರಡು ದಾರಿಗಳು

ಇಂಗ್ಲಿಷ್ ಸಮಾಸವೊಂದು ಎದುರಾದಾಗ ಕನ್ನಡದ ಮುಂದೆ ಎರಡು ದಾರಿಗಳಿರುತ್ತವೆ: ಇಡಿಯಾಗಿ ತೆಗೆದುಕೊಳ್ಳುವುದು, ಇಲ್ಲವೆ ಘಟಕಗಳನ್ನು ಕನ್ನಡದಲ್ಲಿ ಹೊಸದಾಗಿ ಹೆಣೆಯುವುದು. ಇವೆರಡೂ ಅಕ್ಕಪಕ್ಕದಲ್ಲಿಯೇ ನಡೆಯಬಲ್ಲವು ಎಂಬುದಕ್ಕೆ ನೆರೆಯ ಸ್ಥಳನಾಮಗಳು ಸಾಕ್ಷಿ. ದಾರಿ ಕವಲೊಡೆಯುವಲ್ಲಿ ಊರುಗಳ ದಿಕ್ಕು ತೋರುವ ಕಂಬಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಂಡ್‌ಪೋಸ್ಟ್’ ಎಂಬ ಹೆಸರಿತ್ತು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಬಳಿಯಲ್ಲಿಯೂ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಬಳಿಯಲ್ಲಿಯೂ ಅದೇ ಹೆಸರಿನ ಸ್ಥಳಗಳಿವೆ. ಚಿಕ್ಕಮಗಳೂರಿನ ಹತ್ತಿರ ‘ಕೈಮರ’ವೂ ಇದೆ. ಕೈ + ಮರ, ಹ್ಯಾಂಡ್ + ಪೋಸ್ಟ್: ಎರಡರ ಕಲ್ಪನೆಯೂ ಒಂದೇ. ಇಂಗ್ಲಿಷರ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾದ ಆ ಸಮಾಸ ಕರ್ನಾಟಕದಲ್ಲಿ ಊರಿನ ಹೆಸರಾಗಿ ಬದುಕಿದೆ. ‘ಹ್ಯಾಂಡ್‌ಪೋಸ್ಟ್’ನಲ್ಲಿ ಇಳಿಯುವವರಿಗೆ ಅದು ಇಂಗ್ಲಿಷೂ ಅಲ್ಲ, ಕಂಬವೂ ಅಲ್ಲ, ತಮ್ಮ ಊರು.

ಆದ್ದರಿಂದ ‘ನಿಲ್ದಾಣ’ವನ್ನು ಮೇಲೆತ್ತಿ ‘ಬಸ್ಟ್ಯಾಂಡ’ನ್ನು ಕೆಳಗಿಳಿಸುವ ಅಗತ್ಯವಿಲ್ಲ. ‘ನಿಲ್ದಾಣ’ ಫಲಕದಲ್ಲಿ, ಪ್ರಕಟಣೆಯಲ್ಲಿ, ಬರಹದಲ್ಲಿ ನೆಲೆನಿಂತಿದೆ. ‘ರೈಲು ನಿಲ್ದಾಣ’, ‘ವಿಮಾನ ನಿಲ್ದಾಣ’ಗಳಿಗೆ ಹಬ್ಬಿ, ಹೊಸ ಪದ ರಚಿಸುವ ಶಕ್ತಿ ತನಗಿದೆಯೆಂದು ತೋರಿಸಿದೆ. ‘ಬಸ್ಟ್ಯಾಂಡು’ ಮಾತಿನಲ್ಲಿ ಬೆಳೆದು ಊರಿನ ಒಂದು ಜಾಗವನ್ನೇ ಹೆಸರಿಸಿದೆ. ಒಂದರ ಕೆಲಸವನ್ನು ಇನ್ನೊಂದು ಮಾಡುತ್ತಿಲ್ಲ.

6. ಆಕ್ಷೇಪ ಮತ್ತು ಅಳತೆಗೋಲು

ಇಂಗ್ಲಿಷ್ ಸಮಾಸಗಳಿಗೆ ಹೀಗೆ ಮನ್ನಣೆ ನೀಡಿದರೆ ಕನ್ನಡದ ಪದರಚನಾ ಶಕ್ತಿಯೇ ಕುಂದುವುದಿಲ್ಲವೇ ಎಂಬ ಆಕ್ಷೇಪ ಸಹಜವಾದುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕನ್ನಡ ಪದವಿರುವಲ್ಲಿಯೂ ಇಂಗ್ಲಿಷ್ ಪದಸಮುಚ್ಚಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಬಿಡುವ ಪ್ರವೃತ್ತಿ ನಿಜಕ್ಕೂ ಬೆಳೆಯುತ್ತಿದೆ. ಇವೆರಡನ್ನು ಬೇರ್ಪಡಿಸುವ ಅಳತೆಗೋಲೊಂದು ಬೇಕು. ಅದಕ್ಕೆ ಮೂರು ಪ್ರಶ್ನೆಗಳು ಸಾಕಾಗಬಹುದು. ಪದವು ಕನ್ನಡದ ಧ್ವನಿಗೆ ಒಗ್ಗಿದೆಯೇ? ಕನ್ನಡದ ವಿಭಕ್ತಿ, ವಿಶೇಷಣಗಳೊಡನೆ ತಡೆಯಿಲ್ಲದೆ ಕೂಡುತ್ತದೆಯೇ? ಮೂಲಭಾಷೆಯಲ್ಲಿಲ್ಲದ ಅರ್ಥವನ್ನು ಇಲ್ಲಿ ಪಡೆದಿದೆಯೇ?

ಈ ಕೋಲಿನಿಂದ ಅಳೆದರೆ ‘ಹೊಸ ಬಸ್ಟ್ಯಾಂಡು’ ಕನ್ನಡ. ‘ನ್ಯೂ ಬಸ್ ಸ್ಟ್ಯಾಂಡ್’ ಎಂದು ಕನ್ನಡ ಅಕ್ಷರಗಳಲ್ಲಿ ಬರೆದ ಫಲಕ ಕನ್ನಡವಲ್ಲ. ‘ಹೊಸ’ ಎಂಬ ಪದ ಬಾಯಲ್ಲಿ ಸಿದ್ಧವಿರುವಾಗ ‘ನ್ಯೂ’ ಯಾವ ಹೊಸ ಅರ್ಥವನ್ನೂ ತರುವುದಿಲ್ಲ. ‘ಬಸ್ಟ್ಯಾಂಡು’ ತರುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ದೀರ್ಘಕಾಲ ವಾದಿಸಿದರು. ಅವರ ನಿಲುವುಗಳನ್ನೆಲ್ಲ ಒಪ್ಪದವರೂ, ಕನ್ನಡ ಸಮಾಸಗಳನ್ನು ಕನ್ನಡಿಗರ ಮಾತಿನಿಂದಲೇ ವಿವರಿಸಬೇಕೆಂಬ ಆಶಯವನ್ನು ಒಪ್ಪಬಹುದು. ಆ ಮಾತಿನಲ್ಲಿ ‘ಬಸ್ಟ್ಯಾಂಡು’ ಇದೆ.

7. ಮಾಡಬೇಕಾದ ಕೆಲಸ

ಇದು ಒಂದು ಪದದ ಸ್ವಾರಸ್ಯಕ್ಕೆ ಮುಗಿಯುವ ವಿಷಯವಲ್ಲ. ಹೋಬಳಿಯ ಊರುಗಳಿಂದ ಕಾಲೇಜಿಗೆ ಬಂದ ವಿದ್ಯಾರ್ಥಿ ಪ್ರಬಂಧದಲ್ಲಿ ‘ಬಸ್ಟ್ಯಾಂಡು’ ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ‘ಬಸ್ ನಿಲ್ದಾಣ’ ಎಂದು ತಿದ್ದಿಕೊಂಡ ಮೇಲೆ ಆತ ಹೇಳಹೊರಟ ಚಹಾದಂಗಡಿ, ಕಟ್ಟೆ, ಸಂಜೆಯ ಮಾತು ಯಾವುದೂ ಆ ಪದದಲ್ಲಿ ಉಳಿಯುವುದಿಲ್ಲ. ತಿದ್ದುಪಡಿ ಕಾಗುಣಿತದ್ದೆಂದು ಶಿಕ್ಷಕರು ಭಾವಿಸಿರುತ್ತಾರೆ, ಕಳೆದುಹೋದದ್ದು ಅರ್ಥ. ಬರಹದ ಸಂದರ್ಭಕ್ಕೆ ಯಾವ ಪದ ಒಪ್ಪುತ್ತದೆಂದು ಕಲಿಸುವುದು ಬೇರೆ, ಆಡುವ ಪದವೇ ಕೆಟ್ಟದ್ದೆಂದು ಕಲಿಸುವುದು ಬೇರೆ. ಎರಡನೆಯದು ವಿದ್ಯಾರ್ಥಿಗೆ ತನ್ನ ಮನೆಯ ಮಾತಿನ ಬಗ್ಗೆ ಕೀಳರಿಮೆಯನ್ನು ಕಲಿಸುತ್ತದೆ.

ನಿಘಂಟುಗಳ ಕೊರತೆಯೂ ಇಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಮೊದಲು ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟಿನ ಗುರಿ ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಕೊಡುವುದು. ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಪ್ರಧಾನವಾಗಿ ಶಾಸನ ಹಾಗೂ ಗ್ರಂಥಸ್ಥ ಪ್ರಯೋಗಗಳನ್ನು ಆಧರಿಸಿದ್ದು. 2021ರಲ್ಲಿ ನಿಧನರಾದ ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ದ ಮೂಲಕ ಬೇರೆ ಭಾಷೆಗಳಿಂದ ಬಂದ ಪದಗಳತ್ತ ಗಮನ ಸೆಳೆದರು. ಎರವಲು ಪದ ಎಲ್ಲಿಂದ ಬಂತೆಂಬುದರ ಜೊತೆಗೆ, ಬಂದ ಮೇಲೆ ಯಾವ ಸೀಮೆಯಲ್ಲಿ ಏನಾಯಿತೆಂಬುದನ್ನು ದಾಖಲಿಸುವುದು ಅದರ ಮುಂದಿನ ಹೆಜ್ಜೆ. ಕನ್ನಡ ಅಧ್ಯಯನ ವಿಭಾಗಗಳು ಎಂ.ಎ. ಮತ್ತು ಎಂ.ಫಿಲ್. ಹಂತಗಳಲ್ಲಿ ಮಾಡಿಸಿರುವ ಜಾನಪದ ಕ್ಷೇತ್ರಕಾರ್ಯದ ಮಾದರಿ ಇದಕ್ಕೆ ಸಾಲುತ್ತದೆ. ಒಂದು ಹೋಬಳಿಯನ್ನು ಆಯ್ದು, ಅಲ್ಲಿಯ ಎರವಲು ಸಮಾಸಗಳ ಉಚ್ಚಾರಣೆ, ವಿಭಕ್ತಿ ರೂಪ, ಅರ್ಥ ಮತ್ತು ಬಳಸುವವರ ವಯಸ್ಸು, ವೃತ್ತಿಗಳನ್ನು ಗುರುತಿಸುವ ಕೆಲಸಕ್ಕೆ ದೊಡ್ಡ ಧನಸಹಾಯವೂ ಬೇಕಿಲ್ಲ.

ಈ ಕೆಲಸವನ್ನು ತಡಮಾಡುವಂತೆಯೂ ಇಲ್ಲ. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಗಿ, 1961ರಲ್ಲಿ ಅದು ನಿಗಮದ ರೂಪ ಪಡೆದಾಗ ಬಸ್ಸು ಹಳ್ಳಿಗಳಿಗೆ ಬರುತ್ತಿದ್ದುದನ್ನು ಕಂಡ ತಲೆಮಾರು ಕರಗುತ್ತಿದೆ. ಆ ಪದ ಮೊದಲು ಹೇಗೆ ಕೇಳಿಸಿತು, ಅದಕ್ಕೆ ಮುನ್ನ ಆ ಬಯಲನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅವರು. ಇನ್ನೊಂದು ಬದಿಯಲ್ಲಿ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿದೆ. ಹೆಚ್ಚಾಗಿ ಗಂಡಸರ ಜಾಗವಾಗಿದ್ದ ಹಳ್ಳಿಯ ಬಸ್ಟ್ಯಾಂಡು ಇದರಿಂದ ಯಾವ ಹೊಸ ಅರ್ಥವನ್ನು ಪಡೆಯುತ್ತಿದೆ ಎಂಬುದನ್ನು ಕೇಳಿ ಬರೆದುಕೊಳ್ಳಲು ಇದೇ ತಕ್ಕ ಕಾಲ. ‘ಎಲ್ಲರಿಗೂ’ ಎಂಬ ಅರ್ಥದಿಂದ ಹೊರಟ ಪದವೊಂದು ಹಳೇಕೋಟೆಯಂತಹ ಊರುಗಳಲ್ಲಿ ಯಾರು ಯಾರಿಗೆ ದಕ್ಕಿದೆ ಎಂಬುದನ್ನು ಅಲ್ಲಿಯವರ ಬಾಯಿಂದಲೇ ತಿಳಿಯಬೇಕು.